ಪೆಟ್ಟಿಗೆಯ ಸರ್ವರ್, ಫೈಲಿನ ಸರ್ವರ್

'ಸರ್ವರ್ ಡೌನ್ ಇದೆ, ನಾಳೆ ಬನ್ನಿ' ಅನ್ನುವ ಮಾತು ಕೇಳದವರು ಈಗ ಸಿಗುವುದು ಕಷ್ಟ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟೋಕನ್ ಹಿಡಿದು ಕೂತಾಗ, ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿಗೆ ನಿಂತಾಗ ಎಲ್ಲಾದರೂ ಒಂದು ಕಡೆ ಕಿವಿಗೆ ಬಿದ್ದೇ ಇರುತ್ತದೆ. ಬಹಳ ಸಲ ಪಾಪ, ಸರ್ವರ್ ಚೆನ್ನಾಗಿಯೇ ಇರುತ್ತದೆ. ಕೈಕೊಟ್ಟಿರುವುದು ನಡುವಿನ ನೆಟ್‌ವರ್ಕ್. ಮರುದಿನ ಹೋದರೆ ಕೆಲಸ ಆಗುತ್ತದೆ. ನಾನು ಇವತ್ತು ಹೇಳಹೊರಟಿರುವುದು ಮರುದಿನ ಹೋದರೂ ಕೆಲಸವಾಗದ ಸಂದರ್ಭದ ಬಗ್ಗೆ. ಯಂತ್ರವೂ ಹೋಗಿದೆ, ಅದರೊಳಗಿದ್ದ ಮಾಹಿತಿಯೂ ಹೋಗಿದೆ. ಈಗ ಬ್ಯಾಕಪ್ಪಿನಿಂದ ಎಲ್ಲವನ್ನೂ ಮತ್ತೆ ಎಬ್ಬಿಸಿ ನಿಲ್ಲಿಸಬೇಕು.

2022ರ ನವೆಂಬರ್ 23ರ ಬೆಳಿಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆಗೆ ಈ ಪರಿಸ್ಥಿತಿ ಬಂತು. ರೋಗಿಗಳ ನೋಂದಣಿ, ದಾಖಲಾತಿ, ಬಿಲ್ಲು, ಲ್ಯಾಬ್ ವರದಿ ಎಲ್ಲವನ್ನೂ ನಡೆಸುತ್ತಿದ್ದ ಇ-ಹಾಸ್ಪಿಟಲ್ ವ್ಯವಸ್ಥೆ ನಿಂತುಹೋಯಿತು. ಸೈಬರ್ ದಾಳಿಯಲ್ಲಿ ಐದು ಸರ್ವರುಗಳಿಗೆ ಪೆಟ್ಟು ಬಿದ್ದಿತ್ತು, ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ದಾಳಿಕೋರರು ಯಾರೂ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿದ್ದರು ಎಂದು ಸರ್ಕಾರ ಆಮೇಲೆ ಸಂಸತ್ತಿಗೆ ತಿಳಿಸಿತು. ಆಸ್ಪತ್ರೆ ಮುಚ್ಚುವ ಹಾಗಿಲ್ಲವಲ್ಲ, ಚೀಟಿಗಳನ್ನು ಕೈಯಲ್ಲೇ ಬರೆದರು. ಅದೃಷ್ಟಕ್ಕೆ ಒಂದು ಬ್ಯಾಕಪ್ ಸರ್ವರ್ ದಾಳಿಗೆ ಸಿಗದೆ ಉಳಿದಿತ್ತು. ಅದರಿಂದ ಇ-ಹಾಸ್ಪಿಟಲ್ಲಿನ ಮಾಹಿತಿಯನ್ನು ತೆಗೆದು ಹೊಸ ಸರ್ವರುಗಳಿಗೆ ಇಳಿಸಿದರು. ನೋಂದಣಿ, ದಾಖಲಾತಿ, ಡಿಸ್ಚಾರ್ಜ್‌ನಂಥ ಕೆಲಸಗಳಲ್ಲಿ ಹೆಚ್ಚಿನವು ಮರಳಿ ಶುರುವಾಗುವ ಹೊತ್ತಿಗೆ ಎರಡು ವಾರ ಕಳೆದಿತ್ತು.

ನೋಡಿ, ಬ್ಯಾಕಪ್ ಇತ್ತು. ಇದ್ದೂ ಎರಡು ವಾರ. 1.3 ಟೆರಾಬೈಟ್ ಅಂದರೆ ಅಂಗಿಯ ಜೇಬಿನಲ್ಲಿ ಹಿಡಿಯುವ ಹಾರ್ಡ್‌ಡಿಸ್ಕಿಗೆ ಸಾಲುವಷ್ಟು ಮಾಹಿತಿ. ಬರೀ ನಕಲು ಮಾಡುವುದಾದರೆ ಒಂದು ಮಧ್ಯಾಹ್ನದ ಕೆಲಸ. ಸೋಂಕು ತಗುಲಿದ ಕಂಪ್ಯೂಟರುಗಳನ್ನೆಲ್ಲ ಶುಚಿ ಮಾಡುವುದರಲ್ಲಿ ಬಹಳಷ್ಟು ದಿನ ಹೋಗುತ್ತವೆ, ನಿಜ. ಉಳಿದ ದಿನಗಳು ಎಲ್ಲಿ ಹೋಗುತ್ತವೆ ಅನ್ನುವುದು ಈ ಕೆಲಸದಲ್ಲಿ ಪಳಗಿದವರಿಗೆ ಗೊತ್ತು. ಯಾವ ಸರ್ವರನ್ನು ಮೊದಲು ಎಬ್ಬಿಸಬೇಕು, ಯಾವ ಯಂತ್ರದ ಮೇಲೆ ಎಬ್ಬಿಸಬೇಕು, ಯಾರ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅನ್ನುವುದರಲ್ಲೇ ಅವು ಕರಗುತ್ತವೆ. ಪೆಟ್ಟಿಗೆಯಾಗಿ ಕಣ್ಣೆದುರು ಕೂತಿರುವ ಸರ್ವರಿಗೂ ವರ್ಚುವಲ್ ಯಂತ್ರಕ್ಕೂ, ಅಂದರೆ ನಮ್ಮವರು ವಿಎಂ ಅನ್ನುವುದಕ್ಕೂ, ಬ್ಯಾಕಪ್ ತೆಗೆಯುವ ದಿನ ಕಾಣುವ ವ್ಯತ್ಯಾಸ ಸಣ್ಣದು. ವಾಪಸ್ ತರುವ ದಿನ ಕಾಣುವುದೇ ನಿಜವಾದ ವ್ಯತ್ಯಾಸ.

ಮೊದಲು ಪೆಟ್ಟಿಗೆಯ ಸರ್ವರನ್ನು ನೋಡೋಣ. ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮ್ ಅಥವಾ ಪತ್ತಿನ ಸಹಕಾರ ಸಂಘ ಅಂದುಕೊಳ್ಳಿ. ಒಳಗಿನ ಕೋಣೆಯಲ್ಲಿ ಯುಪಿಎಸ್ ಪಕ್ಕದಲ್ಲಿ ಒಂದು ಯಂತ್ರ, ಅದರಲ್ಲಿ ಒಂದು ಆಪರೇಟಿಂಗ್ ಸಿಸ್ಟಮ್, ಒಂದು ಡೇಟಾಬೇಸ್. ಇದರ ಬ್ಯಾಕಪ್ ತೆಗೆಯಬೇಕಾದರೆ ಅದರೊಳಗೇ ಏಜೆಂಟ್ ಎಂಬ ಸಣ್ಣ ಪ್ರೋಗ್ರಾಂ ಕೂರಿಸಬೇಕು. ರಾತ್ರಿ ನಿಗದಿಯಾದ ಹೊತ್ತಿಗೆ ಅದು ಎದ್ದು ಡಿಸ್ಕನ್ನು ಓದುತ್ತಾ ಹೋಗಿ, ಓದಿದ್ದನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುತ್ತದೆ. ವಿಂಡೋಸ್ ಸರ್ವರ್ 2003ರಿಂದ ವಾಲ್ಯೂಮ್ ಶ್ಯಾಡೋ ಕಾಪಿ ಎಂಬ ಅನುಕೂಲವಿದೆ. ಬಳಕೆಯಲ್ಲಿರುವ ಫೈಲನ್ನೂ ಒಂದು ಕ್ಷಣದ ಸ್ಥಿತಿಯಲ್ಲಿ ಹಿಡಿದು ಓದಲು ಅದು ಆಸ್ಪದ ಕೊಡುತ್ತದೆ. ಅದಕ್ಕೆ ಮುಂಚೆ ರಾತ್ರಿ ಎಲ್ಲರನ್ನೂ ಹೊರಗೆ ಹಾಕಿ, ಡೇಟಾಬೇಸ್ ನಿಲ್ಲಿಸಿ, ಟೇಪ್ ಹಾಕಿ ಮನೆಗೆ ಹೋಗುವುದು. ಬೆಳಿಗ್ಗೆ ಬಂದು ಟೇಪ್ ತೆಗೆದು ಅದರ ಮೇಲೆ ವಾರದ ಹೆಸರು ಬರೆದು ಕಪಾಟಿಗೆ ಸೇರಿಸುವುದು. ಅಂದಹಾಗೆ, ಟೇಪಿನ ಕಾಲ ಮುಗಿಯಿತು ಅನ್ನುವವರ ಮಾತು ನಂಬಬೇಡಿ. ಎಲ್‌ಟಿಒ ಎಂಬ ಬಗೆಯ, ಒಂಬತ್ತನೇ ತಲೆಮಾರಿನ ಒಂದು ಟೇಪಿಗೆ 18 ಟೆರಾಬೈಟ್ ಹಿಡಿಯುತ್ತದೆ. ಡ್ರೈವಿನಿಂದ ಹೊರಗೆ ತೆಗೆದು ಕಪಾಟಿನಲ್ಲಿಟ್ಟ ಟೇಪನ್ನು ಯಾವ ರಷ್ಯಾದ, ಯಾವ ಚೀನಾದ ಹ್ಯಾಕರನೂ ಮುಟ್ಟಲಾರ.

ತೆಗೆಯುವುದೇನೋ ಆಯಿತು. ಒಂದು ಶನಿವಾರ ರಾತ್ರಿ ಮದರ್‌ಬೋರ್ಡ್ ಸುಟ್ಟುಹೋಯಿತು ಅಂದುಕೊಳ್ಳೋಣ. ಏಳು ವರ್ಷದ ಹಿಂದೆ ಕೊಂಡ ಯಂತ್ರ, ಆ ಮಾಡೆಲ್ ಈಗ ಯಾರ ಹತ್ತಿರವೂ ಇಲ್ಲ. ಬೇರೆ ಯಂತ್ರ ತರಿಸುತ್ತೀರಿ. ರಿಕವರಿ ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ ಪರದೆಯ ಮೇಲೆ ಬರುತ್ತದೆ: ಡಿಸ್ಕ್ ಸಿಗಲಿಲ್ಲ. ಡಿಸ್ಕುಗಳು ಕಣ್ಣೆದುರೇ ಇವೆ, ಹಸಿರು ದೀಪವೂ ಮಿನುಗುತ್ತಿದೆ. ಆದರೆ ಅವುಗಳನ್ನು ಒಟ್ಟಾಗಿ ನಡೆಸುವ ರೇಡ್ ಕಂಟ್ರೋಲರಿನ ಡ್ರೈವರ್ ಆ ಪೆನ್‌ಡ್ರೈವಿನಲ್ಲಿಲ್ಲ. ಮೊಬೈಲಿನ ಇಂಟರ್‌ನೆಟ್ಟಿನಿಂದ ಡ್ರೈವರ್ ಇಳಿಸಿ, ಇನ್ನೊಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಡಿಸ್ಕ್ ಕಾಣಿಸುತ್ತದೆ. ಗಂಟೆಗಟ್ಟಲೆ ಕಾದ ಮೇಲೆ ಬ್ಯಾಕಪ್ಪಿನ ಇಮೇಜ್ ಪೂರ್ತಿ ಇಳಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಯಂತ್ರವನ್ನು ಎಬ್ಬಿಸುವ ಕ್ರಮವೇ ಬೇರೆ: ಹಳೆಯದು ಬಯಾಸ್ ಕಾಲದ್ದು, ಹೊಸ ಯಂತ್ರಕ್ಕೆ ಯುಇಎಫ್‌ಐ ಬಿಟ್ಟು ಬೇರೆ ಗೊತ್ತಿಲ್ಲ. ಅದನ್ನೂ ದಾಟಿದಿರಿ, ವಿಂಡೋಸ್ ಎದ್ದಿತು; ಆದರೆ ಐಪಿ ವಿಳಾಸ ಈಗಿಲ್ಲದ ಹಳೆಯ ನೆಟ್‌ವರ್ಕ್ ಕಾರ್ಡಿಗೆ ಅಂಟಿಕೊಂಡು ಕೂತಿದೆ. ಕೊನೆಗೆ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆದರೆ, ಯಂತ್ರ ಬದಲಾಗಿದೆ, ಲೈಸೆನ್ಸ್ ಹೊಸದಾಗಿ ತನ್ನಿ ಅನ್ನುತ್ತದೆ. ಮಾರಿದವರು ಫೋನ್ ಎತ್ತುವುದು ಸೋಮವಾರ ಹತ್ತು ಗಂಟೆಗೆ.

ಖಾಲಿ ಯಂತ್ರದ ಮೇಲೆ ಹೀಗೆ ಇಡೀ ಸರ್ವರನ್ನು ಇಳಿಸುವುದಕ್ಕೆ ಬೇರ್ ಮೆಟಲ್ ರಿಸ್ಟೋರ್ ಎಂದು ಹೆಸರು. ಬ್ಯಾಕಪ್ ಕಂಪನಿಗಳ ಕರಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಮುಗಿದಿರುತ್ತದೆ.

ಈಗ ವಿಎಂಗೆ ಬರೋಣ. ಒಂದೇ ಯಂತ್ರದಲ್ಲಿ ಹಲವು ಯಂತ್ರಗಳಿವೆ ಎಂದು ನಂಬಿಸುವ ಉಪಾಯ ಹಳೆಯದು. ಐಬಿಎಂ ತನ್ನ ಮೇನ್‌ಫ್ರೇಮುಗಳಿಗೆ ವಿಎಂ/370 ಕೊಟ್ಟದ್ದು 1972ರಲ್ಲಿ. ಸಾಧಾರಣ ಇಂಟೆಲ್ ಕಂಪ್ಯೂಟರುಗಳಿಗೆ ಅದನ್ನು ತಂದು ಮಾರುಕಟ್ಟೆ ಗೆದ್ದದ್ದು ವಿಎಂವೇರ್ ಕಂಪನಿ, 1999ರಿಂದ ಈಚೆಗೆ. 2007ರಲ್ಲಿ ಲಿನಕ್ಸಿನ ಒಳಗೇ ಕೆವಿಎಂ ಸೇರಿಕೊಂಡಿತು, ಮರುವರ್ಷ ಮೈಕ್ರೋಸಾಫ್ಟಿನ ಹೈಪರ್-ವಿ ಬಂತು. ಎಲ್ಲದರ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ: ಒಂದು ದೊಡ್ಡ ಯಂತ್ರ, ಅದರ ಮೇಲೆ ಹೈಪರ್‌ವೈಸರ್ ಎಂಬ ತಂತ್ರಾಂಶ, ಅದರ ಆಶ್ರಯದಲ್ಲಿ ಹತ್ತಿಪ್ಪತ್ತು ಸರ್ವರುಗಳು. ಬೆಂಗಳೂರು, ಮೈಸೂರಿನ ಹಳೆಯ ವಠಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳಗೆ ಒಬ್ಬೊಬ್ಬರಿಗೂ ತಮ್ಮದೇ ಮನೆ. ಗೋಡೆ, ನಲ್ಲಿ, ಹೆಬ್ಬಾಗಿಲು ಮಾತ್ರ ಎಲ್ಲರಿಗೂ ಸೇರಿ ಒಂದೇ.

ವಿಎಂವೇರಿನಲ್ಲಿ ಒಂದು ಸರ್ವರ್ ಅಂದರೆ ಕೊನೆಗೆ ಒಂದು ಫೋಲ್ಡರ್, ಅದರಲ್ಲಿ ಕೆಲವು ಫೈಲುಗಳು. ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಎಂದು ಬರೆದಿಟ್ಟ ವಿಎಂಎಕ್ಸ್ ಅನ್ನುವ ಚಿಕ್ಕ ಫೈಲು. ಇಡೀ ಹಾರ್ಡ್‌ಡಿಸ್ಕನ್ನೇ ಹೊತ್ತ ವಿಎಂಡಿಕೆ ಅನ್ನುವ ಭಾರೀ ಫೈಲು. ಫೈಲು ಅಂದ ಮೇಲೆ ನಕಲು ಮಾಡಬಹುದು. ಮೊದಮೊದಲು ಜನ ವಿಎಂ ಒಳಗೂ ಏಜೆಂಟ್ ಹಾಕಿಯೇ ಬ್ಯಾಕಪ್ ತೆಗೆದರು. ಇಪ್ಪತ್ತು ಸರ್ವರುಗಳ ಇಪ್ಪತ್ತು ಏಜೆಂಟುಗಳು ರಾತ್ರಿ ಒಂದು ಗಂಟೆಗೆ ಒಟ್ಟಿಗೆ ಎದ್ದವು. ಅಡಿಯಲ್ಲಿರುವ ಡಿಸ್ಕ್ ಮಾತ್ರ ಒಂದೇ. ಬೆಳಗಾದರೂ ಕೆಲಸ ಮುಗಿಯಲಿಲ್ಲ. ಹಾಗಾಗಿ ಒಳಗೆ ಹೋಗುವುದನ್ನು ಬಿಟ್ಟು, ಹೈಪರ್‌ವೈಸರನ್ನೇ ಕೇಳಿ ಹೊರಗಿನಿಂದ ಫೈಲು ಎತ್ತಿಕೊಳ್ಳುವ ಕ್ರಮ ಬಂತು.

ಅದು ನಡೆಯುವುದು ಹೀಗೆ. ಬ್ಯಾಕಪ್ ತಂತ್ರಾಂಶ ಕೇಳಿದಾಗ ಹೈಪರ್‌ವೈಸರ್ ಒಂದು ಸ್ನ್ಯಾಪ್‌ಶಾಟ್ ತೆಗೆಯುತ್ತದೆ. ಆ ಗಳಿಗೆಯಿಂದ ಮೂಲ ಡಿಸ್ಕ್ ಫೈಲಿಗೆ ಬರೆಯುವುದು ನಿಲ್ಲುತ್ತದೆ. ಹೊಸ ಬರಹವೆಲ್ಲ ಪಕ್ಕದಲ್ಲಿ ಹುಟ್ಟಿದ ಡೆಲ್ಟಾ ಫೈಲಿಗೆ ಹೋಗುತ್ತದೆ. ನಿಂತ ಮೂಲ ಫೈಲನ್ನು ನಿಧಾನವಾಗಿ ಓದಿಕೊಂಡು, ಕೆಲಸ ಮುಗಿದ ಮೇಲೆ ಡೆಲ್ಟಾವನ್ನು ಮೂಲದೊಳಗೆ ಸೇರಿಸಿ ಅಳಿಸುತ್ತಾರೆ. 2009ರಲ್ಲಿ ವಿಎಂವೇರಿನ ವಿಸ್ಫಿಯರ್ 4 ಬಂದಾಗ ಇನ್ನೊಂದು ಅನುಕೂಲ ಸೇರಿತು. ನಿನ್ನೆಯಿಂದ ಇವತ್ತಿಗೆ ಡಿಸ್ಕಿನ ಯಾವ ಯಾವ ಬ್ಲಾಕುಗಳು ಬದಲಾದವು ಎಂದು ಹೈಪರ್‌ವೈಸರೇ ಲೆಕ್ಕ ಇಟ್ಟುಕೊಂಡು ಹೇಳುತ್ತದೆ. ಇದರ ಬೆಲೆ ತಿಳಿಯಲು ಒಂದು ಲೆಕ್ಕ ಹಾಕಿ. ಸೆಕೆಂಡಿಗೆ ಒಂದು ಗಿಗಾಬಿಟ್ ಹರಿಯುವ ನೆಟ್‌ವರ್ಕಿನಲ್ಲಿ ಹೆಚ್ಚೆಂದರೆ 125 ಮೆಗಾಬೈಟ್ ಹೋಗುತ್ತದೆ. 2 ಟೆರಾಬೈಟ್ ಪೂರ್ತಿ ಕಳಿಸಲು ನಾಲ್ಕೂವರೆ ಗಂಟೆ ಬೇಕು. ದಿನಕ್ಕೆ ಬದಲಾಗಿದ್ದು 60 ಗಿಗಾಬೈಟ್ ಮಾತ್ರ ಅಂತಿಟ್ಟುಕೊಂಡರೆ ಎಂಟು ನಿಮಿಷ ಸಾಕು. ಪೆಟ್ಟಿಗೆಯ ಸರ್ವರುಗಳಿಗೂ ಬದಲಾದ ಬ್ಲಾಕ್ ಗುರುತಿಸುವ ಏಜೆಂಟುಗಳು ಬಂದಿವೆ. ಆದರೆ ಅದಕ್ಕೆ ಒಂದೊಂದು ಯಂತ್ರದೊಳಗೂ ಡ್ರೈವರ್ ಹಾಕಿ, ಒಂದೊಂದನ್ನೂ ರೀಸ್ಟಾರ್ಟ್ ಮಾಡಿ, ಆಮೇಲೆ ಅಪ್‌ಡೇಟ್ ಬಂದಾಗಲೆಲ್ಲ ಅದರ ಹಿಂದೆ ಓಡಾಡಬೇಕು.

ಇಷ್ಟು ಸಲೀಸಾದ್ದರಿಂದಲೇ ಇನ್ನೊಂದು ಬಗೆಯ ಫಜೀತಿ ಹುಟ್ಟಿದೆ. 'ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದೀನಿ ಸಾರ್, ಬ್ಯಾಕಪ್ ಇದೆ' ಅನ್ನುವ ಮಾತು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಡೆಲ್ಟಾ ಫೈಲು ಮೂಲ ಫೈಲಿನ ಪಕ್ಕದಲ್ಲೇ, ಅದೇ ಡಿಸ್ಕಿನ ಮೇಲೆ ಇರುತ್ತದೆ. ಮೂಲ ಹೋದರೆ ಅದರ ಜೊತೆಗೇ ಹೋಗುತ್ತದೆ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ವಿಎಂವೇರೇ ಹೇಳಿದೆ. ಕೇಳುವವರು ಯಾರು? ಒಂದು ಕಚೇರಿಯಲ್ಲಿ ಅಪ್‌ಡೇಟ್ ಹಾಕುವ ಮುಂಚೆ ಯಾರೋ ತೆಗೆದ ಸ್ನ್ಯಾಪ್‌ಶಾಟ್ ತಿಂಗಳುಗಟ್ಟಲೆ ಹಾಗೇ ಉಳಿದಿತ್ತು. ಡೆಲ್ಟಾ ಬೆಳೆದು ಬೆಳೆದು, ವಿಎಂ ಫೈಲುಗಳನ್ನೆಲ್ಲ ಇಡುವ ಡೇಟಾಸ್ಟೋರಿನ ಕೊನೆಯ ಜಾಗವನ್ನೂ ನುಂಗಿತು. ಬರೆಯಲು ಜಾಗವಿಲ್ಲದೆ ಆ ಸರ್ವರ್ ನಿಂತಿತು. ಅದೇ ಡೇಟಾಸ್ಟೋರಿನಲ್ಲಿದ್ದ, ಯಾವ ತಂಟೆಗೂ ಹೋಗದ ಇತರ ಸರ್ವರುಗಳೂ ಒಂದೊಂದಾಗಿ ನಿಂತವು. ಅಳಿಸೋಣ ಅಂದರೆ ಅಷ್ಟು ದೊಡ್ಡ ಡೆಲ್ಟಾ ಮೂಲಕ್ಕೆ ಸೇರುವುದಕ್ಕೇ ರಾತ್ರಿಯಿಡೀ ಬೇಕು.

ಇನ್ನೊಂದು ಸೂಕ್ಷ್ಮ ಇದೆ, ಇದರ ಹತ್ತಿರ ಸ್ವಲ್ಪ ನಿಲ್ಲಬೇಕು. ಹೊರಗಿನಿಂದ ಫೈಲು ಎತ್ತಿಕೊಂಡು ಹೋಗುವವನಿಗೆ ಒಳಗೆ ಡೇಟಾಬೇಸ್ ಏನು ಮಾಡುತ್ತಿತ್ತು ಅನ್ನುವುದು ತಿಳಿಯದು. ಒಬ್ಬರ ಖಾತೆಯಿಂದ ಹಣ ಕಳೆದಾಗಿದೆ, ಇನ್ನೊಬ್ಬರ ಖಾತೆಗೆ ಇನ್ನೂ ಕೂಡಿಲ್ಲ. ಅರ್ಧ ಡಿಸ್ಕಿಗೆ ಹೋಗಿದೆ, ಅರ್ಧ ಮೆಮೊರಿಯಲ್ಲಿದೆ. ಆ ಗಳಿಗೆಯಲ್ಲಿ ತೆಗೆದ ನಕಲು, ಕರೆಂಟ್ ಹೋದಾಗ ನಿಂತ ಯಂತ್ರದ ಡಿಸ್ಕಿನಂತೆಯೇ ಇರುತ್ತದೆ. ಒಳ್ಳೆಯ ಡೇಟಾಬೇಸುಗಳು ತಮ್ಮ ಲಾಗ್ ನೋಡಿಕೊಂಡು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ. ಆದರೆ 'ಸಾಮಾನ್ಯವಾಗಿ' ಅನ್ನುವ ಮಾತನ್ನು ಸಹಕಾರ ಸಂಘದ ಸದಸ್ಯರ ಮುಂದೆ ಹೇಳಲಾಗುವುದಿಲ್ಲ. ಆದ್ದರಿಂದ ಸ್ನ್ಯಾಪ್‌ಶಾಟಿಗೆ ಮುಂಚೆ ವಿಎಂ ಒಳಗಿನ ಒಂದು ಸಹಾಯಕ ಪ್ರೋಗ್ರಾಮಿಗೆ ಸೂಚನೆ ಹೋಗಿ, ಅದು ಡೇಟಾಬೇಸಿಗೆ ಹೇಳಿ, ಎಲ್ಲವನ್ನೂ ಡಿಸ್ಕಿಗೆ ಬರೆಸಿ ಒಂದು ಕ್ಷಣ ತಡೆದು ನಿಲ್ಲಿಸಬೇಕು. ಲಿನಕ್ಸ್ ಆದರೆ ಈ ತಡೆಯುವ ಕೆಲಸಕ್ಕೆ ನಾವೇ ಸ್ಕ್ರಿಪ್ಟ್ ಬರೆದಿಡಬೇಕಾಗಬಹುದು. ಆ ಸಹಾಯಕ ಹಳೆಯದಾಗಿದ್ದರೆ, ಕೆಟ್ಟಿದ್ದರೆ, ಬ್ಯಾಕಪ್ ಆಗಿಯೇ ಆಗುತ್ತದೆ. ವರದಿಯಲ್ಲಿ ಹಸಿರಿನ ಬದಲು ಒಂದು ಹಳದಿ ಗುರುತು ಬೀಳುತ್ತದೆ. ಹಳದಿಗೆ ತಲೆಕೆಡಿಸಿಕೊಳ್ಳುವವರು ಕಡಿಮೆ.

ಹಸಿರಿದ್ದರೂ ನಂಬುವ ಹಾಗಿಲ್ಲ ಅನ್ನುವುದಕ್ಕೂ ಉದಾಹರಣೆ ಇದೆ. ಬದಲಾದ ಬ್ಲಾಕುಗಳ ಲೆಕ್ಕ ಹೇಳುವ ವ್ಯವಸ್ಥೆಯಲ್ಲೇ ದೋಷವಿದೆ, 128 ಗಿಗಾಬೈಟಿನ ಗಡಿ ದಾಟಿ ಹಿಗ್ಗಿಸಿದ ವರ್ಚುವಲ್ ಡಿಸ್ಕುಗಳಲ್ಲಿ ಆ ಪಟ್ಟಿ ತಪ್ಪಾಗಿ ಬರಬಹುದು ಎಂದು 2014ರಲ್ಲಿ ವಿಎಂವೇರ್ ಪ್ರಕಟಿಸಿತು. ಅಂದರೆ ಬ್ಯಾಕಪ್ ತಂತ್ರಾಂಶ ತನಗೆ ಕೊಟ್ಟ ಪಟ್ಟಿಯಂತೆ ನಿಷ್ಠೆಯಿಂದ ನಕಲು ಮಾಡಿದೆ, ಯಶಸ್ವಿ ಎಂದು ವರದಿಯನ್ನೂ ಬರೆದಿದೆ. ಪಟ್ಟಿಯಲ್ಲಿ ಬಿಟ್ಟುಹೋದ ಬ್ಲಾಕುಗಳು ಮಾತ್ರ ನಕಲಿನಲ್ಲಿಲ್ಲ. ವಾಪಸ್ ಇಳಿಸಿ ನೋಡದೆ ಇದು ಯಾರಿಗೂ ತಿಳಿಯುವಂತಿರಲಿಲ್ಲ.

ಆದರೆ ಇಳಿಸಿ ನೋಡುವುದರಲ್ಲಿ ವಿಎಂ ಮುಂದೆ ಪೆಟ್ಟಿಗೆಯ ಸರ್ವರ್ ನಿಲ್ಲಲಾರದು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ವಿಎಂಗೆ ಕಾಣಿಸುವ ನೆಟ್‌ವರ್ಕ್ ಕಾರ್ಡು, ಡಿಸ್ಕ್ ಕಂಟ್ರೋಲರ್ ಎಲ್ಲ ಹೈಪರ್‌ವೈಸರ್ ಕಟ್ಟಿಕೊಟ್ಟ ವೇಷ. ಅಡಿಯಲ್ಲಿರುವುದು ಡೆಲ್ ಆಗಲಿ ಎಚ್‌ಪಿ ಆಗಲಿ, ವೇಷ ಬದಲಾಗದು. ಶನಿವಾರ ರಾತ್ರಿಯ ಆ ಡ್ರೈವರ್ ಹುಡುಕಾಟ ಇಲ್ಲಿಲ್ಲ. 2010ರಲ್ಲಿ ವೀಮ್ ಎಂಬ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ವಿಎಂ ಅನ್ನು ವಾಪಸ್ ನಕಲು ಮಾಡುವ ತನಕ ಕಾಯದೆ, ಬ್ಯಾಕಪ್ ಫೈಲಿನಿಂದಲೇ ನೇರವಾಗಿ ಅದನ್ನು ಬೂಟ್ ಮಾಡಿಬಿಡುವುದು, ನಕಲು ಹಿನ್ನೆಲೆಯಲ್ಲಿ ನಿಧಾನಕ್ಕೆ ನಡೆಯಲಿ. ಭಾನುವಾರ ಮಧ್ಯಾಹ್ನ ಹೊರಗಿನ ನೆಟ್‌ವರ್ಕಿಗೆ ಸೋಕದಂತೆ ಒಂದು ಮೂಲೆಯಲ್ಲಿ ಸರ್ವರನ್ನು ಎಬ್ಬಿಸಿ, ಲಾಗಿನ್ ಆಗಿ, ನಿನ್ನೆಯ ಕೊನೆಯ ರಸೀದಿ ಇದೆಯೇ ಎಂದು ನೋಡಿ, ಮುಚ್ಚಿಬಿಡಬಹುದು. ಪೆಟ್ಟಿಗೆಯ ಸರ್ವರಿಗೆ ಇದೇ ಪರೀಕ್ಷೆ ಮಾಡಲು ಇನ್ನೊಂದು ಪೆಟ್ಟಿಗೆ ಬೇಕು. ಅದಕ್ಕೆ ಯಾವ ಆಡಳಿತ ಮಂಡಳಿಯೂ ಹಣ ಮಂಜೂರು ಮಾಡುವುದಿಲ್ಲ, ಹಾಗಾಗಿ ಪರೀಕ್ಷೆಯೂ ನಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲವನ್ನೂ ವಿಎಂ ಮಾಡಿ ನೆಮ್ಮದಿಯಾಗಿರಬಹುದಲ್ಲ ಅನ್ನಿಸಬಹುದು. ವಠಾರದ ಹೆಬ್ಬಾಗಿಲು ಒಂದೇ ಎಂದೆನಲ್ಲ. 2023ರ ಫೆಬ್ರುವರಿ ಮೊದಲ ವಾರ ಇಎಸ್‌ಎಕ್ಸ್‌ಐಆರ್ಗ್ಸ್ ಎಂಬ ರ್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಸಾವಿರಾರು ವಿಎಂವೇರ್ ಯಂತ್ರಗಳ ಮೇಲೆ ಬಿತ್ತು. ಅದು ಒಂದೊಂದು ವಿಎಂ ಒಳಗೂ ನುಗ್ಗುವ ಕಷ್ಟ ತೆಗೆದುಕೊಳ್ಳಲಿಲ್ಲ. ಹೈಪರ್‌ವೈಸರಿಗೇ ನುಗ್ಗಿ ಅಲ್ಲಿದ್ದ ಸರ್ವರುಗಳ ಫೈಲುಗಳನ್ನು ಸಾಲಾಗಿ ಎನ್‌ಕ್ರಿಪ್ಟ್ ಮಾಡಿತು. ಅದು ಬಳಸಿಕೊಂಡಿತೆನ್ನಲಾದ ತೂತು ಮುಚ್ಚುವ ಪ್ಯಾಚ್ ಎರಡು ವರ್ಷ ಮೊದಲೇ, 2021ರ ಫೆಬ್ರುವರಿಯಲ್ಲೇ, ಬಂದಿತ್ತು. ದಾಳಿಕೋರರೂ ಅವಸರದವರು: ಚಿಕ್ಕ ಫೈಲುಗಳನ್ನು ಪೂರ್ತಿ ಕೆಡಿಸಿದರು, ಭಾರೀ ಡಿಸ್ಕ್ ಫೈಲುಗಳ ಬಹುಭಾಗವನ್ನು ಮುಟ್ಟದೆ ಬಿಟ್ಟು ಮುಂದೆ ಹೋದರು. ಹಾಗಾಗಿ ಉಳಿದ ದೊಡ್ಡ ಫೈಲಿನಿಂದ ವಿಎಂ ಅನ್ನು ಮತ್ತೆ ಕಟ್ಟುವ ದಾರಿ ಸಿಕ್ಕಿತು, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಅದಕ್ಕೊಂದು ಸ್ಕ್ರಿಪ್ಟನ್ನೇ ಬಿಡುಗಡೆ ಮಾಡಿತು. ದಿನಗಳೊಳಗೆ ಆ ಲೋಪವನ್ನು ದಾಳಿಕೋರರೂ ತಿದ್ದಿಕೊಂಡರು.

ಬಾಡಿಗೆಗೆ ಪಡೆದ ವಿಎಂಗೆ ಇನ್ನೊಂದು ಪೇಚು ಇದೆ. ಅದು ಯಾವ ಕಟ್ಟಡದಲ್ಲಿದೆ ಎಂದು ಬಾಡಿಗೆ ಕಟ್ಟುವವರಿಗೆ ಬಹಳ ಸಲ ಗೊತ್ತಿರುವುದಿಲ್ಲ. 2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಎಸ್‌ಬಿಜಿ2 ಎಂಬ ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಸೇವೆಗೂ ದುಡ್ಡು ಕಟ್ಟಿದ್ದ ಒಂದು ಫ್ರೆಂಚ್ ಸಂಸ್ಥೆಗೆ ಆಮೇಲೆ ತಿಳಿಯಿತು, ಅದರ ಸರ್ವರೂ ಬ್ಯಾಕಪ್ಪೂ ಇದ್ದದ್ದು ಅದೇ ಕಟ್ಟಡದಲ್ಲಿ. ಪ್ರಕರಣ ಕೋರ್ಟಿಗೆ ಹೋಗಿ, 2023ರಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯ ಓವಿಎಚ್ ಪರಿಹಾರ ಕೊಡಬೇಕೆಂದು ಹೇಳಿತು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬ್ಯಾಟರಿಯಿಂದ ಬೆಂಕಿ ಹತ್ತಿದಾಗ, ಸರ್ಕಾರಿ ನೌಕರರ ಕಡತಗಳಿದ್ದ ಜಿ-ಡ್ರೈವ್ ಎಂಬ ಭಂಡಾರ ನಾಶವಾಯಿತು. 858 ಟೆರಾಬೈಟ್. ಅಷ್ಟು ದೊಡ್ಡದಾದ್ದರಿಂದ ಹೊರಗಿನ ಬ್ಯಾಕಪ್ ಇಟ್ಟಿರಲಿಲ್ಲ ಅನ್ನುವುದು ಅಲ್ಲಿಂದ ಬಂದ ಉತ್ತರ. ನಾನು ಆಗಲೇ ಹೇಳಿದ 18 ಟೆರಾಬೈಟಿನ ಟೇಪುಗಳು ಐವತ್ತು ಇದ್ದಿದ್ದರೆ ಸಾಕಾಗುತ್ತಿತ್ತು; ಐವತ್ತು ಟೇಪಿಗೆ ಒಂದು ಕಪಾಟಿನ ಒಂದೆರಡು ಅರೆ ಬೇಕು.

ಇದೆಲ್ಲದರಿಂದ ಒಂದು ತಮಾಷೆಯ ಪರಿಸ್ಥಿತಿ ಉಂಟಾಗಿದೆ. ಸರ್ವರುಗಳನ್ನೆಲ್ಲ ವಿಎಂ ಮಾಡಿದ ಮೇಲೆ, ಬ್ಯಾಕಪ್ ಇಟ್ಟುಕೊಳ್ಳುವ ಸರ್ವರ್ ಮಾತ್ರ ಪೆಟ್ಟಿಗೆಯಲ್ಲೇ ಇರಲಿ ಎಂದು ಅನುಭವಸ್ಥರು ಹಟ ಹಿಡಿಯುತ್ತಾರೆ. ಅದನ್ನೂ ಅದೇ ಹೈಪರ್‌ವೈಸರಿನ ಮೇಲೆ ಕೂರಿಸಿದರೆ, ಹೈಪರ್‌ವೈಸರ್ ಬಿದ್ದ ದಿನ ಎಬ್ಬಿಸಬೇಕಾದವನೇ ಎಲ್ಲರ ಜೊತೆ ಬಿದ್ದಿರುತ್ತಾನೆ. ಬೇರೆ ಯಂತ್ರ, ಬೇರೆ ಪಾಸ್‌ವರ್ಡ್, ಸಾಧ್ಯವಾದರೆ ಬೇರೆ ಕಟ್ಟಡ. ಕಚೇರಿಯ ಎಲ್ಲ ಲಾಗಿನ್‌ಗಳನ್ನು ನೋಡಿಕೊಳ್ಳುವ ಡೊಮೈನಿಗೆ ಅದನ್ನು ಸೇರಿಸಲೇಬಾರದು. ಅಡ್ಮಿನ್ ಪಾಸ್‌ವರ್ಡ್ ಕದ್ದವನು ಮೊದಲು ಹುಡುಕಿಕೊಂಡು ಹೋಗುವುದು ಬ್ಯಾಕಪ್ಪನ್ನೇ.

ಇನ್ನು ಪೆಟ್ಟಿಗೆಗಳೇ ಗತಿ ಅನ್ನುವ ಜಾಗಗಳೂ ಇವೆ. ಲೈಸೆನ್ಸ್ ಲೆಕ್ಕದಿಂದ ವಿಎಂಗೆ ತಂದರೆ ದುಬಾರಿಯಾಗುವ ಡೇಟಾಬೇಸುಗಳು, ಎಕ್ಸ್‌ರೇ ಯಂತ್ರಕ್ಕೆ ಕಟ್ಟಿಕೊಂಡ ಕಂಪ್ಯೂಟರುಗಳು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ವೇಬ್ರಿಜ್‌ಗೆ ಸೀರಿಯಲ್ ಕೇಬಲ್ಲಿನಲ್ಲಿ ಅಂಟಿಕೊಂಡಿರುವ ಹಳೆಯ ಯಂತ್ರ. ಇಂಥ ಕಡೆ ಈಗ ಮಾಡುವ ಜಾಣತನ ಏನೆಂದರೆ, ಪೆಟ್ಟಿಗೆಯ ಬ್ಯಾಕಪ್ಪನ್ನೇ ಆಪತ್ಕಾಲದಲ್ಲಿ ವಿಎಂ ಆಗಿ ಎಬ್ಬಿಸುವುದು. ಇವತ್ತಿನ ಬಹುತೇಕ ಬ್ಯಾಕಪ್ ತಂತ್ರಾಂಶಗಳು ಇದನ್ನು ಮಾಡುತ್ತವೆ; ಹೊಸ ಪೆಟ್ಟಿಗೆ ಬರುವ ತನಕ ಒಂದು ಒಳ್ಳೆಯ ಲ್ಯಾಪ್‌ಟಾಪಿನ ಮೇಲಾದರೂ ಕೆಲಸ ಸಾಗುತ್ತದೆ. ಆದರೆ ಮಾಡುವ ಮುಂಚೆ ಯಂತ್ರದ ಹಿಂಬದಿಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಲೆಕ್ಕಪತ್ರದ ತಂತ್ರಾಂಶದ ಲೈಸೆನ್ಸ್ ಹೊತ್ತ ಒಂದು ಸಣ್ಣ ಯುಎಸ್‌ಬಿ ಡಾಂಗಲ್ ಅಲ್ಲಿ ಧೂಳು ತಿನ್ನುತ್ತಾ ಕೂತಿರಬಹುದು. ಅದು ಯಾವ ಬ್ಯಾಕಪ್ಪಿನಲ್ಲೂ ಬರುವುದಿಲ್ಲ. ಸುಟ್ಟ ಯಂತ್ರವನ್ನು ಗುಜರಿಗೆ ಹಾಕುವಾಗ ಅದರ ಜೊತೆಗೇ ಹೋಗದಂತೆ ಈಗಲೇ ಅದಕ್ಕೊಂದು ಚೀಟಿ ಕಟ್ಟಿ, ಯಾವ ತಂತ್ರಾಂಶದ್ದು ಎಂದು ಬರೆದಿಡಿ.